ಆಯಿ ತರಲು ಹೇಳಿದ ಕಪ್ಪಿ

ಗಾಜಿನ ತೊಟ್ಟಿ ಹಳಿಯಾಳದ ಮನೆಯಲ್ಲಿತ್ತು ಎಂದು ನಾನು ಹೇಳುತ್ತೇನೆ. ಅಲ್ಲ, ಮುಂಡಗೋಡಿನಲ್ಲಿ ಎನ್ನುತ್ತಾಳೆ ತಂಗಿ. ಅದನ್ನು ಇಟ್ಟಿದ್ದ ಕಿಟಕಿ ನಮ್ಮಿಬ್ಬರ ಕಣ್ಣಿಗೂ ಕಟ್ಟಿದಂತಿದೆ. ಕಿಟಕಿ ಮಾತ್ರ ಬೇರೆ ಬೇರೆ. ಬರೆಯುತ್ತಿರುವವನು ನಾನಾದ್ದರಿಂದ ಹಳಿಯಾಳವೇ ಇರಲಿ.

ಅರವತ್ತರ ದಶಕದ ಮೊದಲ ವರ್ಷಗಳು. ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿ ಮನೆಗೆ ಬಂದಿದ್ದೆ. ನೌಕರಿ ಸಿಕ್ಕಿರಲಿಲ್ಲ. ದಿನವಿಡೀ ಏನನ್ನಾದರೂ ನಂಬದೆ ಕೂತಿರುವುದೇ ನನ್ನ ಉದ್ಯೋಗ. ಪಂಚಾಂಗ ನಂಬುತ್ತಿರಲಿಲ್ಲ, ಹಲ್ಲಿಯ ಶಕುನ ನಂಬುತ್ತಿರಲಿಲ್ಲ, ಅಪ್ಪನ ಕೈಗಡಿಯಾರವನ್ನೂ ನಂಬುತ್ತಿರಲಿಲ್ಲ. ಅಚ್ಚಾದದ್ದನ್ನು ಮಾತ್ರ ಕಣ್ಣು ಮುಚ್ಚಿ ನಂಬುತ್ತಿದ್ದೆ.

ದೇವರ ಪಟಗಳಿಗೆ ಕಟ್ಟು ಹಾಕುವವನಿಂದ ತೊಟ್ಟಿ ಮಾಡಿಸಿದೆ. ಅವನಿಗೆ ಬರುತ್ತಿದ್ದುದು ಒಂದೇ ನಮೂನೆ. ಹೀಗಾಗಿ ತೊಟ್ಟಿಯ ಅಂಚಿಗೆಲ್ಲ ಬಂಗಾರ ಬಣ್ಣದ ಬಳ್ಳಿ ಬಂತು. ಮನೆಗೆ ಬಂದವರಲ್ಲಿ ಒಬ್ಬಿಬ್ಬರು, ಒಳಗೆ ಏನಿದೆ ಎಂದು ನೋಡುವ ಮೊದಲೇ, ಅದಕ್ಕೆ ಕೈ ಮುಗಿದದ್ದೂ ಉಂಟು. ಒಳಗೆ ಇದ್ದದ್ದು ಕೆರೆಯ ಸಣ್ಣ ಮೀನು. ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಂಡವರ ಮನೆ. ಆದರೂ ಅಪ್ಪನ ತಾಯಿ, ನಮ್ಮ ಆಯಿ, ‘ನೋಡಾಕ ಅಂದ್ರ ಇರ್ಲಿ’ ಎಂದು ಬಿಟ್ಟುಕೊಟ್ಟಿದ್ದಳು.

ಮೀನಿನ ಜೊತೆ ನೀರಿನ ಕಪ್ಪೆಯನ್ನೂ ಸಾಕಬಹುದು, ಎರಡೂ ಹೊಂದಿಕೊಂಡಿರುತ್ತವೆ ಎಂದು ಎಲ್ಲೋ ಓದಿದ್ದೆ. ಯಾವ ಪುಸ್ತಕ ಎಂದು ಕೇಳಿದರೆ ಈಗ ಹೇಳಲಾರೆ. ಯಾವುದೋ ದೂರದೇಶದ ಕಪ್ಪೆಯ ಮಾತಿರಬೇಕು. ದಾಂಡೇಲಿ ಹತ್ತಿರದ ಕುಳಗಿಯ ಅರಣ್ಯ ಕ್ಯಾಂಪಿನಲ್ಲಿ ಗೆಳೆಯನಿದ್ದ. ಅಲ್ಲಿಯ ಹಳ್ಳದಲ್ಲಿ ನೀರಿನ ಮೇಲೆ ಕಣ್ಣಷ್ಟೇ ಎತ್ತಿಕೊಂಡು ತೇಲುವ ಕಪ್ಪೆಗಳು ಬೇಕಾದಷ್ಟಿದ್ದವು. ಹೊರಡುವ ಮುಂಜಾನೆ ಆಯಿಯನ್ನು ಕೇಳಿದೆ.

“ಆಯಿ, ದಾಂಡೇಲಿ ಕಡೆ ಹೊಂಟೇನಿ. ಬರೂಮುಂದ ಒಂದು ಕಪ್ಪಿ ತರ್ಲೇನು?”

“ತಾರೋ ಯಪ್ಪಾ! ಕೇಳಿ ಕೇಳಿ ನನ್ನ ಬಾಯಿ ಬತ್ತಿ ಹೋತು. ನಿಮ್ಮಪ್ಪಗ ಕಿವಿನ ಇಲ್ಲ.”

ಪ್ರಾಣಿಶಾಸ್ತ್ರದ ಮೇಲೆ ಆಯಿಗೆ ಇಷ್ಟು ಆಸೆ ಇರುವುದು ಗೊತ್ತೇ ಇರಲಿಲ್ಲವಲ್ಲ ಎಂದು ಬಸ್ಸಿನಲ್ಲಿ ಹಿಗ್ಗಿದೆ. ಹಿಗ್ಗಿದೆನೋ ಅಥವಾ ನಕ್ಕೆನೋ, ಅದು ಈಗ ಸರಿಯಾಗಿ ನೆನಪಿಲ್ಲ.

ಮರುದಿನ ಬಾಯಿಗೆ ಅರಿವೆ ಕಟ್ಟಿದ ಗಡಿಗೆಯೊಂದಿಗೆ ಬಂದಾಗ ಆಯಿ ಹೊಸ ಹಗ್ಗ ಹಿಡಿದು ಬಾವಿಕಟ್ಟೆಯ ಮೇಲೆ ಕೂತಿದ್ದಳು.

“ತಂದ್ಯಾ?”

“ತಂದೇನಿ.”

“ಗಟ್ಟಿ ಐತೇನು?”

“ಭಾಳ ಗಟ್ಟಿ ಐತಿ.”

“ಹಳೇದರಂಗ ಒದರೂದಿಲ್ಲಲ್ಲ?”

“ಮಳಿಗಾಲದಾಗ ಒದರ್ತೈತಿ, ಆಯಿ.”

ಆಯಿ ಅರಿವೆ ಸರಿಸಿ ಗಡಿಗೆಯೊಳಗೆ ಕೈ ಹಾಕಿದಳು. ಆಮೇಲೆ ಒದರಿದ್ದು ಕಪ್ಪೆಯಲ್ಲ.

ನಮ್ಮ ಕಡೆ ಕಪ್ಪೆಗೂ ಕಪ್ಪಿ ಎನ್ನುತ್ತಾರೆ, ಬಾವಿಯ ಹಗ್ಗ ಓಡುವ ಗಾಲಿಗೂ ಕಪ್ಪಿ ಎನ್ನುತ್ತಾರೆ. ಎಣ್ಣೆ ಕಾಣದ ನಮ್ಮ ಬಾವಿಯ ಗಾಲಿ ಓಣಿಯನ್ನೆಲ್ಲ ಎಬ್ಬಿಸುತ್ತಿತ್ತು.

ಕೈ ತೊಳೆದುಕೊಂಡು ಬಂದ ಆಯಿ ಹೇಳಿದಳು: “ತಾ ಅಂದಾಕಿ ನಾನ. ಇನ್ನ ಒಲ್ಲೆ ಅನ್ನಾಕ ಬರೂದಿಲ್ಲ. ಆದ್ರ ಕೇಳು. ಈ ಮನ್ಯಾಗ ಒಂದು ಜೀವ ಇನ್ನೊಂದು ಜೀವಾ ತಿನ್ನಾಂಗಿಲ್ಲ. ಅಂಥಾದು ನನ್ನ ಕಣ್ಣಿಗೆ ಬಿತ್ತಂದ್ರ ನಿನ್ನ ಪೆಟ್ಟಿಗಿ ತಿಪ್ಪಿಗೆ ಬಿತ್ತು.”

“ತಿನ್ನೂದಿಲ್ಲ, ಆಯಿ. ಪುಸ್ತಕದಾಗ ಬರದಾರ.”

“ಕಪ್ಪಿ ಓದೇತೇನು ಆ ಪುಸ್ತಕ?”

ಕಪ್ಪೆ ಓದಿರಲಿಲ್ಲ. ದಿನ ಕಳೆದಂತೆ ಮೀನು ಕಡಿಮೆಯಾದವು, ಕಪ್ಪೆ ದುಂಡಗಾಯಿತು. ಮೀನು ಕಲ್ಲಿನ ಹಿಂದೆ ಅಡಗಿವೆ ಎಂದು ಮನೆಯವರಿಗೆ ಹೇಳಿದೆ. ಹೇಳುತ್ತ ಹೇಳುತ್ತ ನಾನೂ ಕಲ್ಲಿನ ಹಿಂದೆ ಇಣುಕಿ ಹುಡುಕತೊಡಗಿದೆ. ಒಂದು ಮುಂಜಾನೆ ಪೂಜೆ ಮುಗಿಸಿದ ಆಯಿ, ಹಣೆಯ ವಿಭೂತಿ ಆರುವ ಮೊದಲೇ, ನನ್ನನ್ನು ಕರೆದಳು. ಕಪ್ಪೆಯ ಬಾಯಿಂದ ಒಂದು ಬಾಲ ಹೊರಗೆ ಅಲುಗುತ್ತಿತ್ತು.

“ಏನಿದು?”

“ಆಟಾ ಆಡಾಕತ್ತಾವ, ಆಯಿ.”

“ಹೌದಾ? ಮತ್ತ ಆ ಮೀನಿನ ಪಾಳಿ ಯಾವಾಗ?”

ತೊಟ್ಟಿ ಅಂದೇ ತಿಪ್ಪೆಗೆ ಹೋಗಬೇಕಿತ್ತು. ಕಾಲು ಹಿಡಿದು, ಕಟ್ಟಿನವನ ಅಂಗಡಿಯಿಂದ ಇನ್ನೊಂದು ಗಾಜು ತಂದು ನಡುವೆ ಗೋಡೆ ಎಬ್ಬಿಸಿದೆ. ಈಚೆ ಕಪ್ಪೆ, ಆಚೆ ಉಳಿದ ಮೀನು. ಮೇಲೆ ತಂತಿಯ ಜಾಲರಿ. ಜಗಳ ಬಗೆಹರಿಯಿತು ಎಂದುಕೊಂಡೆ.

ಕಪ್ಪೆ ಗಾಜಿಗೆ ಮೂಗು ಒತ್ತಿ ಕೂತಿತು. ಮೀನು ಬೇಕೆಂದೇ ಅದರ ಎದುರಿಗೆ ಬಂದು ತಿರುಗುತ್ತಿದ್ದವು ಎಂದು ತಂಗಿಯ ವಾದ. ಅನ್ನದ ಅಗುಳು ಹಾಕಿದೆ, ಮುಟ್ಟಲಿಲ್ಲ. ಅವಲಕ್ಕಿ, ಕಡಲೆಹಿಟ್ಟು, ಊಹೂಂ. ಅಲುಗಾಡದ್ದನ್ನು ಅದು ತಿನ್ನುವುದಿಲ್ಲ. ಅದರ ಬೆನ್ನು ಒಣಗಿದ ಎಲೆಯಂತಾಯಿತು.

“ಇಂವಾ ಉಪಾಸ ಸತ್ರ ಪಾಪ ಯಾರಿಗೋ?” ಎಂದಳು ಆಯಿ.

“ನಿನಗ, ಆಯಿ. ತಿನ್ನಬ್ಯಾಡ ಅಂದಾಕಿ ನೀನ. ಒಯ್ದು ಕೆರಿಗೆ ಬಿಟ್ಟ ಬರ್ಲೇನು?”

“ಇಷ್ಟ ಸೊರಗಿಸಿ ಬಿಡತೀಯಾ? ಹಾವಿಗೆ ತುತ್ತಾಕ್ಕಾನ.”

ಆಯಿ ಅಡುಗೆಮನೆಗೆ ಹೋಗಿ ಬಂದಳು. ‘ಒಳಗ ಸ್ವಲ್ಪ ಗಾಳಿ ಆಡ್ಲಿ’ ಎಂದು ಜಾಲರಿ ಎತ್ತಿ, ಕಪ್ಪೆಯ ಕಡೆ ನೀರಿನಿಂದ ಮೇಲೆದ್ದಿದ್ದ ಕಲ್ಲಿನ ಮೇಲೆ ಒಂದು ಚೂರು ಬೆಲ್ಲ ಇಟ್ಟಳು.

“ಕಪ್ಪಿ ಬೆಲ್ಲಾ ತಿನ್ನೂದಿಲ್ಲ, ಆಯಿ.”

“ನಿನ್ನ ಯಾರು ಕೇಳಿದ್ರು? ಬೆಲ್ಲಾ ಇಟ್ಟೇನಿ. ಬರೇ ಬೆಲ್ಲ. ನೋಡ್ಕೋ.”

ಒಂದು ನೊಣ ಬಂತು. ಬೆಲ್ಲದ ಸುತ್ತ ನಡೆದು, ಕೈ ಉಜ್ಜಿಕೊಂಡಿತು. ಆಯಿ ಕಣ್ಣು ಮುಚ್ಚಿ ಲಿಂಗ ಹಿಡಿದುಕೊಂಡಳು. ನೀರು ಚಿಮ್ಮಿತು. ಕಲ್ಲಿನ ಮೇಲೆ ಬೆಲ್ಲ ಹಾಗೆಯೇ ಇತ್ತು, ಕಪ್ಪೆ ಗಂಟಲು ಕುಣಿಸುತ್ತಿತ್ತು.

ಆಯಿ ಕಣ್ಣು ತೆರೆದಳು.

“ನನಗೇನೂ ಕಾಣ್ಲಿಲ್ಲಪಾ. ನಿನಗ?”

ಪ್ರಾಣಿಶಾಸ್ತ್ರದ ಪದವೀಧರ ನಾನು ತೊಟ್ಟಿಯನ್ನು ನೋಡಿದೆ, ಆಯಿಯನ್ನು ನೋಡಿದೆ.

“ನನಗೂ ಏನೂ ಕಾಣ್ಲಿಲ್ಲ.”

“ಹಂಗಾರ ನಾಳಿಗೆ ಬೆಲ್ಲಾ ನೀನ ಇಡು,” ಎಂದು ಆಯಿ ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದಳು.