ಮೆಲ್ಲಗೆ ಹಾಕಿದ ಗೇರು

೧೯೫೬ರ ಜುಲೈ. ಕೊಡಗು ಆಗ ಸ್ವಂತ ವಿಧಾನಸಭೆಯಿದ್ದ ಪುಟ್ಟ ರಾಜ್ಯ. ನಾನು ಮಡಿಕೇರಿಯ ಒಂದು ಸರ್ಕಾರಿ ವರ್ಕ್‌ಶಾಪಿನಲ್ಲಿ ಹೆಡ್ ಮೆಕ್ಯಾನಿಕ್. ಊರು ಕೊಡ್ಲಿಪೇಟೆ, ಓದು ಎಂಟನೇ ಕ್ಲಾಸು. ಉಳಿದದ್ದೆಲ್ಲ ಮಿಲಿಟರಿಯವರು ಮಾರಿದ ಹಳೇ ಲಾರಿಗಳ ಕೆಳಗೆ ಅಂಗಾತ ಮಲಗಿ ಕಲಿತದ್ದು. ಜೀಪಾಗಲಿ, ರೋಡ್ ರೋಲರ್ ಆಗಲಿ, ನನ್ನನ್ನು ಕೇಳದೆ ಯಾರೂ ಒಂದು ಬೋಲ್ಟ್ ಬಿಚ್ಚುತ್ತಿರಲಿಲ್ಲ. ಅದರ ಜಂಬ ನನಗೆ ಸಾಕಷ್ಟಿತ್ತು ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಒಂದು ಬೆಳಿಗ್ಗೆ ಓವರ್‌ಸಿಯರ್ ಪೊನ್ನಪ್ಪನವರು ನನ್ನನ್ನು ಕರೆಸಿದರು. ಸುಂಟಿಕೊಪ್ಪದಿಂದ ಆರೇಳು ಮೈಲಿ ದೂರದ ಒಂದು ಕಡವಿನಲ್ಲಿ ಕಾವೇರಿ ದಾಟಿಸಲು ಸರ್ಕಾರದ ಮೋಟರ್ ದೋಣಿಯಿತ್ತು. ದೋಣಿಯ ಹಿಂಬದಿಗೆ ನೇತುಹಾಕುವ ಹತ್ತು ಕುದುರೆ ಶಕ್ತಿಯ ಔಟ್‌ಬೋರ್ಡ್ ಮೋಟರು. ಕಡಲತೀರದಲ್ಲಿ ವರ್ಷಗಟ್ಟಲೆ ಉಪ್ಪುನೀರು ಕುಡಿದು ನಮ್ಮ ಪಾಲಿಗೆ ಸೆಕೆಂಡ್ ಹ್ಯಾಂಡ್ ಆಗಿ ಬಂದದ್ದು. ಅದರ ಗೇರು ನಡುಹೊಳೆಯಲ್ಲಿ ತಾನಾಗಿ ಬಿಟ್ಟುಕೊಳ್ಳುತ್ತಿದೆ ಎಂದು ದೂರು. ದೋಣಿ ನಡೆಸುವ ಕೆಂಚಯ್ಯ ಒರಟಾಗಿ ಬಳಸಿ ಕೆಡಿಸಿದ್ದಾನೆ, ಅವನನ್ನು ಕೆಲಸದಿಂದ ತೆಗೆಯಬೇಕು ಎಂಬ ಟಿಪ್ಪಣಿ ಆಗಲೇ ತಯಾರಾಗಿತ್ತು. ನಾನು ಹೋಗಿ ನೋಡಿ, ಹೌದು ಎಂದು ಬರೆದುಕೊಟ್ಟರೆ ಮುಗಿಯಿತು.

ಕೆಂಚಯ್ಯ ನನಗೆ ಹೊಸಬನಲ್ಲ. ಹಿಂದಿನ ವರ್ಷ ಮೋಟರು ಬಂದಾಗ ಅದನ್ನು ನಡೆಸುವುದನ್ನು ಅವನಿಗೆ ಹೇಳಿಕೊಟ್ಟವನು ನಾನೇ. ಅವರ ಮನೆಯವರು ಪಿರಿಯಾಪಟ್ಟಣದ ಕಡೆಯಿಂದ ಬಂದು ನೆಲೆಸಿದವರು. ಅಪ್ಪನ ಕಾಲದಿಂದಲೂ ಆ ಕಡವಿನಲ್ಲಿ ಹುಟ್ಟು ಹಾಕುವ ದೋಣಿ ಅವರದೇ. ಸರ್ಕಾರ ಕಡವನ್ನು ವಹಿಸಿಕೊಂಡಾಗ ಆ ದೋಣಿಯನ್ನು ನಿಲ್ಲಿಸಿ ಅವನಿಗೆ ಈ ಕೆಲಸ ಕೊಟ್ಟಿದ್ದರು. ಈಗ ಇದೂ ಹೋದರೆ ಹಳೆಯದಕ್ಕೆ ಮರಳುವ ಹಾಗಿರಲಿಲ್ಲ, ಹೊಳೆಯೇ ಅವನ ಕೈಬಿಟ್ಟಂತೆ.

ನಾನು ಹೋದ ದಿನ ಮಳೆ ಸ್ವಲ್ಪ ಹೊಳವಾಗಿ ಬಿಡುವು ಕೊಟ್ಟಿತ್ತು. ಕೆಂಚಯ್ಯ ಕಂಬಳಿಕೊಪ್ಪೆ ಹಾಕಿಕೊಂಡು ದಡದ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ. ಟಿಪ್ಪಣಿಯ ಸುದ್ದಿ ಅವನಿಗೆ ಮುಟ್ಟಿತ್ತು. ಮೋಟರಿನ ಮೇಲೆ ಹೊದಿಸಿದ್ದ ಗೋಣಿ ತೆಗೆದು ನನಗೆ ಜಾಗ ಬಿಟ್ಟ.

ನಾನು ಮಾಮೂಲಿ ಕ್ರಮದಲ್ಲೇ ಒಂದೊಂದಾಗಿ ನೋಡುತ್ತ ಹೋದೆ. ಪ್ರೊಪೆಲರ್ ಹಿಡಿದಿಡುವ ಪಿನ್ ಸರಿಯಿತ್ತು. ಲಿವರಿನಿಂದ ಕೆಳಗಿನ ಗೇರ್ ಕೇಸಿಗೆ ಇಳಿಯುವ ಶಿಫ್ಟ್ ರಾಡಿನ ಜಾಯಿಂಟ್ ಸಡಿಲವಾಗಿರಲಿಲ್ಲ. ಮೋಟರನ್ನು ನೀರು ತುಂಬಿದ ಡ್ರಮ್ಮಿಗೆ ಇಳಿಬಿಟ್ಟು ನಡೆಸಿದೆ. ಮುಂದಕ್ಕೆ, ನ್ಯೂಟ್ರಲ್, ಹಿಂದಕ್ಕೆ, ಮತ್ತೆ ಮುಂದಕ್ಕೆ. ಇಪ್ಪತ್ತು ಸಲ ಹಾಕಿದರೂ ಒಮ್ಮೆಯೂ ಗೇರು ಬಿಡಲಿಲ್ಲ. ಟಿಪ್ಪಣಿ ಬರೆದವರು ಹೇಳಿದ್ದೇ ನಿಜ, ತಪ್ಪು ಕೈಯದೇ ಎಂದು ನನ್ನ ಮನಸ್ಸೂ ಅತ್ತ ವಾಲಿತು. ಆಗ ಕೆಂಚಯ್ಯ ಮೊದಲ ಸಲ ಬಾಯಿಬಿಟ್ಟ.

“ಡ್ರಮ್ಮಿನ ನೀರು ನಿಂತಿರ್ತದೆ ಮೇಸ್ತ್ರಿಗಳೇ. ಹೊಳೆ ನಿಂತಿರಕಿಲ್ಲ. ದೋಣಿ ಹತ್ತಿ.”

ಆಚೆ ದಡದ ಎಸ್ಟೇಟಿಗೆ ಕೆಲಸಕ್ಕೆ ಹೋಗುವ ಎಂಟು ಹೆಂಗಸರು ಆಗಲೇ ಹತ್ತಿ ಕುಳಿತಿದ್ದರು. ನಾನು ಹಿಂಬದಿಯಲ್ಲಿ ಕೆಂಚಯ್ಯನ ಪಕ್ಕ ಕೂತೆ. ಅವನು ನೇರ ಅಡ್ಡ ಹೊಡೆಯಲಿಲ್ಲ. ಸೆಳವು ಕಡಿಮೆಯಿದ್ದ ದಡದ ಅಂಚಿನಲ್ಲೇ ಬಹಳ ದೂರ ಮೇಲಕ್ಕೆ ಹೋಗಿ ಆಮೇಲೆ ಹೊಳೆಗೆ ತಿರುಗಿಸಿದ. ಕಂದುಬಣ್ಣದ ನೀರು ದೋಣಿಯ ಪಕ್ಕಕ್ಕೆ ಬಂದು ಒರಗಿತು. ಲಾರಿಯವನಾದ ನಾನು ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಕೆಂಚಯ್ಯನ ಅಂಗೈ ಚುಕ್ಕಾಣಿಯ ಹಿಡಿಯ ಮೇಲೆ ಸುಮ್ಮನೆ ಇಟ್ಟಂತೆ ಇತ್ತು. ನಡುಹೊಳೆ ಬಂತು. “ಈಗ ಬಿಡ್ತದೆ,” ಎಂದ. ನಾನು ಅವನ ಮುಖ ನೋಡುವಷ್ಟರಲ್ಲಿ ಗೇರು ಕಳಚಿ, ಭಾರ ತಪ್ಪಿದ ಎಂಜಿನ್ ಕಿರಿಚಿಕೊಂಡಿತು. ಅವನು ಅವಸರವಿಲ್ಲದೆ ಥ್ರಾಟಲ್ ಇಳಿಸಿದ, ಇನ್ನೊಂದು ಕೈಯಲ್ಲಿ ಎರಡು ಸಲ ಹುಟ್ಟು ಹಾಕಿ ದೋಣಿಯ ಮೂತಿ ತಿರುಗದಂತೆ ಹಿಡಿದ, ಮತ್ತೆ ಗೇರು ಹಾಕಿದ. ಅಷ್ಟರಲ್ಲಿ ಹೊಳೆ ನಮ್ಮನ್ನು ಮೂವತ್ತು ಗಜ ಕೆಳಗೆ ಎಳೆದಿತ್ತು. ಇನ್ನೊಮ್ಮೆ “ಈಗ” ಎಂದ, ಇನ್ನೊಮ್ಮೆ ಬಿಟ್ಟಿತು. ಕೊನೆಗೆ ದೋಣಿ ಮುಟ್ಟಿದ್ದು ಆಚೆ ದಡದ ಮೆಟ್ಟಿಲನ್ನೇ, ಒಂದು ಮೊಳ ಆಚೀಚೆ ಇಲ್ಲ. ಎಷ್ಟು ಸಲ ಬಿಡುತ್ತದೆ, ಪ್ರತಿ ಸಲ ಹೊಳೆ ಎಷ್ಟು ಎಳೆಯುತ್ತದೆ ಎಂದು ಲೆಕ್ಕ ಹಾಕಿಯೇ ಅವನು ಅಷ್ಟು ಮೇಲಕ್ಕೆ ಹೋಗಿದ್ದ.

ನಾನು ಬೆರಗಾದದ್ದು ಇನ್ನೊಂದು ಕಾರಣಕ್ಕೆ. ಆ ಎಂಟು ಹೆಂಗಸರಲ್ಲಿ ಒಬ್ಬರೂ ಮಾತು ನಿಲ್ಲಿಸಿರಲಿಲ್ಲ. ಒಬ್ಬಾಕೆ ಎಲೆಗೆ ಸುಣ್ಣ ಹಚ್ಚುತ್ತ ಯಾರದೋ ಮದುವೆಯ ವಿಷಯ ಹೇಳುತ್ತಿದ್ದಳು; ಎಂಜಿನ್ ಕಿರಿಚಿದಾಗ ದನಿ ಸ್ವಲ್ಪ ಎತ್ತರಿಸಿದಳು ಅಷ್ಟೆ. ಒಂದೂವರೆ ತಿಂಗಳಿನಿಂದ ಅವರೆಲ್ಲ ಹೀಗೆಯೇ ದಾಟುತ್ತಿದ್ದರು. ಇಂಥವನನ್ನು ಒರಟ ಎಂದು ಬರೆದಿದ್ದರಲ್ಲ ಎಂದು ನನಗೆ ನಾಚಿಕೆಯಾಯಿತು.

ಆದರೂ ಗೇರು ಯಾಕೆ ಬಿಡುತ್ತಿದೆ? ಭಾರ ಬಿದ್ದಾಗ ಮಾತ್ರ ಬಿಡುತ್ತದೆ ಎಂದರೆ ರೋಗ ಇರುವುದು ಗೇರ್ ಕೇಸಿನೊಳಗೆ. ಈ ದಡಕ್ಕೆ ಬಂದು, ಶೆಡ್ಡಿನಲ್ಲಿ ಮೋಟರು ಮಲಗಿಸಿ ಕೇಸ್ ಬಿಚ್ಚಿದೆ. ಬಸಿದ ಎಣ್ಣೆಯನ್ನು ಬೆರಳಲ್ಲಿ ಉಜ್ಜಿದರೆ ಉಕ್ಕಿನ ಪುಡಿ ಮಿನುಗುತ್ತಿತ್ತು.

ಒಳಗಿನ ಏರ್ಪಾಟು ಸರಳ. ಎರಡು ಗೇರ್ ಚಕ್ರಗಳು ಸದಾ ಒಂದಕ್ಕೊಂದು ವಿರುದ್ಧವಾಗಿ ತಿರುಗುತ್ತಿರುತ್ತವೆ, ಒಂದು ಮುಂದಕ್ಕೆ, ಒಂದು ಹಿಂದಕ್ಕೆ. ಅವುಗಳ ನಡುವೆ ಆಚೀಚೆ ಸರಿಯುವ ಒಂದು ಉಕ್ಕಿನ ಬಳೆ. ಅದಕ್ಕೆ ಡಾಗ್ ಎನ್ನುತ್ತೇವೆ. ಅದರ ಎರಡೂ ಬದಿಗೆ ಚೌಕ ಹಲ್ಲುಗಳಿರುತ್ತವೆ. ಯಾವ ಚಕ್ರವನ್ನು ಅದು ಕಚ್ಚುತ್ತದೋ ಆ ದಿಕ್ಕಿಗೆ ದೋಣಿ. ಇಲ್ಲಿ ಮುಂಬದಿಯ ಹಲ್ಲುಗಳ ಮೂಲೆ ಸವೆದು, ಹೊಳೆಯ ಕಲ್ಲಿನ ಹಾಗೆ ನುಣ್ಣಗೆ ಗುಂಡಗಾಗಿತ್ತು. ಗುಂಡಗಾದ ಹಲ್ಲು ಭಾರ ಬಿದ್ದೊಡನೆ ಜಾರುತ್ತದೆ.

ಒರಟಾಗಿ ಹಾಕಿದರೆ ಹಲ್ಲು ಮುರಿಯಬೇಕು, ಸವೆಯಬಾರದು. ಗೇರು ಹೇಗೆ ಹಾಕುತ್ತೀಯ, ತೋರಿಸು ಎಂದೆ. ಕೆಂಚಯ್ಯ ಲಿವರ್ ಹಿಡಿದು, ಕೂದಲೆಳೆಯಷ್ಟೇ ಮುಂದೆ ಸರಿಸುತ್ತ, ಎಂಜಿನ್ ಓಡುತ್ತಿದೆಯೋ ಎಂಬಂತೆ ಕಿವಿಗೊಟ್ಟು ಕೇಳುತ್ತ, ಮೆಲ್ಲಗೆ ಒಳಗಿಳಿಸಿದ. ಹಾಗೆ ಇಳಿಸುವಷ್ಟು ಹೊತ್ತೂ ಎರಡು ಹಲ್ಲುಗಳ ಮೂಲೆಗಳು ಒಂದನ್ನೊಂದು ಕಟಕಟನೆ ತೇಯುತ್ತಿರುತ್ತವೆ. ಇಂಥ ಗೇರನ್ನು ಎಂಜಿನ್ ವೇಗ ಇಳಿಸಿಕೊಂಡು ಒಂದೇ ಏಟಿಗೆ ಟಕ್ಕೆಂದು ಹಾಕಬೇಕು ಎಂಬುದು ಆ ಸವೆತ ನೋಡಿ ನನಗೆ ಹೊಳೆಯಿತು.

“ಇಷ್ಟು ನಿಧಾನಕ್ಕೆ ಹಾಕು ಅಂತ ಯಾರು ಹೇಳಿದ್ದು?” ಎಂದೆ.

“ನೀವೇ. ಮಗೂನ ತೊಟ್ಲಿಗೆ ಹಾಕ್ದಂಗೆ ಹಾಕು ಅಂದಿದ್ರಿ.”

ಹೌದು, ಅಂದಿದ್ದೆ. ಹಳೇ ಲಾರಿಗಳ ಗೇರನ್ನು ಕಿವಿಗೊಟ್ಟು ನಯವಾಗಿ ಹಾಕಬೇಕು. ನನಗೆ ಗೊತ್ತಿದ್ದದ್ದು ಅದೊಂದೇ. ದೋಣಿಯ ಮೋಟರು ಬೇರೆ ಜಾತಿಯದು ಎಂಬ ಯೋಚನೆಯೂ ಬರದೆ ಅದೇ ಪಾಠ ಒಪ್ಪಿಸಿ, ಚಹಾ ಕುಡಿದು ಹೊರಟುಹೋಗಿದ್ದೆ. ಇವನು ಒಂದು ವರ್ಷ, ದಿನಕ್ಕೆ ಹತ್ತಾರು ಸಲ, ಒಮ್ಮೆಯೂ ತಪ್ಪದೆ ನನ್ನ ತಪ್ಪನ್ನು ಪಾಲಿಸಿದ್ದ.

ನಿನ್ನ ಕೈಗೆ ಅನುಮಾನ ಬರಲಿಲ್ಲವೇ ಎಂದು ಕೇಳಿದೆ. ಎರಡನೇ ವಾರಕ್ಕೇ ಗೊತ್ತಾಗಿತ್ತಂತೆ. ಮಿಷನ್ನು ಬೇಗ ಹಾಕು ಅನ್ನುತ್ತಿದೆ ಎಂದು ಅಂಗೈ ಹೇಳಿತ್ತಂತೆ. ಮತ್ತೆ ಯಾಕೆ ಹಾಗೆ ಮಾಡಲಿಲ್ಲ ಎಂದೆ. ಅವನು ಎಣ್ಣೆ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ಹೇಳಿದ:

“ನಿಮ್ಮ ಮಾತು ಮೀರಿ ಕೆಟ್ಟಿದ್ರೆ ನನ್ನ ಕೆಲ್ಸ ಹೋಗೋದು. ಈಗ ನಿಮ್ಮ ಮಾತು ಕೇಳಿದ್ದಕ್ಕೂ ಹೋಯ್ತದಲ್ಲ ಮೇಸ್ತ್ರಿಗಳೇ.”

ಅದರಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಬಿಡಿ ಭಾಗಕ್ಕೆ ಬರೆದು ಕಾಯುವ ಹಾಗಿರಲಿಲ್ಲ. ಪುಣ್ಯಕ್ಕೆ ಆ ಮೋಟರಿನ ಡಾಗ್‌ನ ಎರಡು ಬದಿಯೂ ಒಂದೇ ಅಳತೆಯವು, ಎರಡು ಚಕ್ರಗಳೂ ಅವಳಿ. ಹೊಳೆಯಲ್ಲಿ ರಿವರ್ಸ್ ಹಾಕುವುದೇ ಅಪರೂಪ, ಆ ಬದಿ ಹೊಸದರಂತೆ ಚೂಪಾಗಿತ್ತು. ಡಾಗನ್ನು ತಿರುಗಿಸಿ, ಚಕ್ರಗಳನ್ನು ಅದಲುಬದಲು ಮಾಡಿ ಜೋಡಿಸಿದೆ. ಮಧ್ಯಾಹ್ನ ಮತ್ತೆ ಹೊಳೆಗೆ ಇಳಿದೆವು. ಟಕ್ಕೆಂದು ಹಾಕು ಎಂದರೆ ಅವನ ಕೈ ಹಿಂಜರಿಯುತ್ತಿತ್ತು. ನಾಲ್ಕನೇ ಸಲಕ್ಕೆ ಹಾಕಿದ. ಗೇರು ಕಚ್ಚಿಕೊಂಡಿತು, ನಡುಹೊಳೆಯ ಪೂರಾ ಸೆಳವಿನಲ್ಲೂ ಬಿಡಲಿಲ್ಲ. ಕೆಂಚಯ್ಯ ಆ ದಿನ ಮೊದಲ ಬಾರಿಗೆ ನೇರವಾಗಿ ಅಡ್ಡ ದಾಟಿದ.

ನನ್ನ ತಪ್ಪು ಗೊತ್ತಿದ್ದವರು ನಾವಿಬ್ಬರೇ. “ಸವೆತ, ಸರಿಪಡಿಸಲಾಗಿದೆ” ಎಂದು ಬರೆದರೂ ಸಾಕಾಗುತ್ತಿತ್ತು. ವಾಪಸು ಬರುವಾಗ ಜೀಪಿನಲ್ಲಿ ಆ ವಾಕ್ಯವನ್ನೇ ಮನಸ್ಸಿನಲ್ಲಿ ತಿದ್ದುತ್ತಿದ್ದೆ. ಆದರೆ ಹಾಗೆ ಬರೆದರೆ ಕೆಂಚಯ್ಯ ಒರಟ ಎಂಬ ಟಿಪ್ಪಣಿ ಕಡತದಲ್ಲಿ ಉಳಿದೇ ಇರುತ್ತಿತ್ತು. ಕೊನೆಗೆ, ತಪ್ಪು ತರಬೇತಿಯಿಂದ ಹಲ್ಲು ಸವೆದಿದೆ, ತರಬೇತಿ ಕೊಟ್ಟವನು ನಾನು ಎಂದು ಬರೆದೆ. ಪೊನ್ನಪ್ಪನವರು ಎರಡು ಸಲ ಓದಿದರು. ಹೀಗೇ ಇರಲಿಯಾ ಎಂದು ಕೇಳಿದರು. ಇರಲಿ ಸಾರ್ ಎಂದೆ. ಅವರು ಕೆಂಚಯ್ಯನ ಮೇಲಿನ ಟಿಪ್ಪಣಿಗೆ ಅಡ್ಡಗೆರೆ ಎಳೆದರು. ನನ್ನ ಸರ್ವಿಸ್ ಬುಕ್ಕಿನಲ್ಲಿ ಎಚ್ಚರಿಕೆಯ ಒಂದು ಸಾಲು ಸೇರಿತು. ನವೆಂಬರಿನಲ್ಲಿ ಕೊಡಗು ಮೈಸೂರು ರಾಜ್ಯಕ್ಕೆ ಸೇರಿದಾಗ ಆ ಸಾಲೂ ನನ್ನ ಜೊತೆಗೇ ಬಂತು.

ಆಮೇಲೆ ನಾನು ಎಷ್ಟೋ ಜನರಿಗೆ ಯಂತ್ರ ನಡೆಸುವುದನ್ನು ಹೇಳಿಕೊಟ್ಟೆ. ಕಲಿಸಿದ ತಿಂಗಳಿಗೆ ವಾಪಸು ಹೋಗಿ, ಪಕ್ಕದಲ್ಲಿ ಕೂತು, ನಾನು ಹೇಳಿದ್ದರಲ್ಲಿ ತಪ್ಪೇನಿದೆ ಎಂದು ಕೇಳುತ್ತಿದ್ದೆ. ಮೊದಲು ಎಲ್ಲರೂ ಏನಿಲ್ಲ ಸಾರ್ ಎಂದು ತಲೆ ತಗ್ಗಿಸುತ್ತಿದ್ದರು. ನಿಜವಾದ ಮಾತು ಹೊರಬರಲಿ ಎಂದು ಅಲ್ಲಿಂದ ಎದ್ದು ಹೋಗದೆ ಇನ್ನೂ ಸ್ವಲ್ಪ ಹೊತ್ತು ಕೂತಿರುವುದನ್ನು ನನಗೆ ಆ ಕಡವು ಕಲಿಸಿತು.