ಪಕ್ಕದ ಮನೆ ಮೇಡಮ್ ಕಲಿಸಿದ ಪದ

ಮೊನ್ನೆ ಚಿಕ್ಕವನಿಗೆ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಬಾಣಲೆಗೆ ಹಾಕಿದೆ. ಘಾಟು ಮನೆಯೆಲ್ಲ ತುಂಬಿತು. ಘಾಟು ಬಂದರೆ ದೃಷ್ಟಿ ಆಗಿಲ್ಲ ಅಂತ ನಮ್ಮೂರ ಲೆಕ್ಕ. ನಿಮ್ಮಲ್ಲಿ ದೊಡ್ಡವಳು ಕೆಮ್ಮುತ್ತಲೇ, "ಅಜ್ಜಿ, ಫ್ಯಾಸಿನೇಟಿಂಗ್ ಆಗಿದೆ ಇದು!" ಅಂದಳು. ಆ ಪದವನ್ನು ನನಗೆ ಕಲಿಸಿದವರ ವಿಷಯ ನಿಮಗೆ ಯಾವತ್ತೂ ಹೇಳಿಲ್ಲ...

ರಾಜಾಜಿನಗರದ ವಠಾರದಲ್ಲಿದ್ದಾಗ ಪಕ್ಕದ ಮನೆಯಲ್ಲಿ ಇಂಗ್ಲಿಷ್ ಪಾಠ ಮಾಡುವ ಮೇಡಮ್ ಒಬ್ಬರಿದ್ದರು. ನಿಮ್ಮಪ್ಪನ ಸ್ಕೂಲಿಗೆ ಹೋದರೆ ಇಂಗ್ಲಿಷ್ ಬಾರದೆ ನನಗೆ ಮಾತೇ ಹೊರಡುತ್ತಿರಲಿಲ್ಲ. "ಬಾರೇ, ನಾನು ಹೇಳ್ಕೊಡ್ತೀನಿ" ಅಂದರು. ಮಧ್ಯಾಹ್ನ ನಾನು ಅವರೆಕಾಯಿ ಬಿಡಿಸುತ್ತಿದ್ದೆ, ಅವರು ಒಂದೊಂದೇ ಪದ ಬಿಡಿಸುತ್ತಿದ್ದರು.

ಒಂದು ದಿನ ಫ್ಯಾಸಿನೇಟ್ ಬಂತು. ಕಣ್ಣು ಕೀಳಲಾಗದ ಹಾಗೆ ಮನಸ್ಸನ್ನು ಹಿಡಿದಿಡುವುದು. "ನಕ್ಷತ್ರಗಳು ನನ್ನನ್ನ ಫ್ಯಾಸಿನೇಟ್ ಮಾಡ್ತವೆ ಅನ್ನಬಹುದು. ಬರೀ ಇಷ್ಟ ಅಲ್ಲ, ಅದಕ್ಕಿಂತ ಜಾಸ್ತಿ" ಅಂದರು. ಮೂಲ ಲ್ಯಾಟಿನ್ನಂತೆ. ಅಲ್ಲಿ ಅದರ ಅರ್ಥ ಮಾಟ ಮಾಡುವುದು, ಕೆಟ್ಟ ಕಣ್ಣು ಹಾಕುವುದು. ಹಿಂದೆ ಆ ಭಾಷೆಯವರೂ ಅದಕ್ಕೆ ಹೆದರಿ ಮಕ್ಕಳ ಕೊರಳಿಗೆ ತಾಯಿತ ಕಟ್ಟುತ್ತಿದ್ದರಂತೆ. "ನೋಡಿದ್ಯಾ, ನಿಮ್ಮೂರೋರು ಮಾತ್ರ ಅಲ್ಲ ಕಣೇ!"

ಆ ಮಾತಿಗೆ ನನ್ನ ಎದೆಯ ಭಾರ ಬಾಯಿಗೆ ಬಂತು. ನಿಮ್ಮಪ್ಪನಿಗಿಂತ ಮುಂಚೆ ನನಗೊಂದು ಹೆಣ್ಣುಮಗು ಇತ್ತು. ಹಾಲು ಉಕ್ಕಿದರೂ ಏಳದೆ ಅದರ ಮುಖ ನೋಡುತ್ತಾ ಕೂತಿರುತ್ತಿದ್ದೆ. ಜ್ವರ ಬಂದು ಮಗು ತೀರಿಹೋಯಿತು. ಹೆತ್ತವಳ ಕಣ್ಣೇ ತಾಗಿತು ಅಂದರು ಮನೆಯವರು. ನಾನೂ ನಂಬಿದೆ. ನಿಮ್ಮ ತಾತನ ಹತ್ತಿರವೂ ಆಡದ ಮಾತನ್ನು ಮೇಡಮ್ಮಿಗೆ ಹೇಳಿದೆ. ಅವರು ನನ್ನ ಕೈ ಹಿಡಿದುಕೊಂಡು, "ಅದು ಜ್ವರ ಕಣೇ, ನಿನ್ನ ಕಣ್ಣಲ್ಲ. ಯಾರಿಗೂ ಹೇಳಲ್ಲ" ಅಂದರು. ಅವತ್ತು ನಿಮ್ಮಪ್ಪ ಮಲಗಿದ್ದಾಗ ಮೊದಲ ಸಲ ಅವನ ಮುಖವನ್ನು ಕಣ್ತುಂಬ ನೋಡಿದೆ.

ಆ ವರ್ಷ ಮೇಡಮ್ ಮನೆಗೆ ದಸರಾ ಬೊಂಬೆ ನೋಡಲು ಅವರ ಸ್ನೇಹಿತೆಯರು ಬಂದಿದ್ದರು. ನಾನು ಬಟ್ಟಲುಗಳಿಗೆ ಉಸಲಿ ಹಾಕುತ್ತಿದ್ದೆ. ಮೇಡಮ್ ನನ್ನ ಕಡೆ ಒಮ್ಮೆ ನೋಡಿ ಇಂಗ್ಲಿಷಿನಲ್ಲಿ ಶುರು ಮಾಡಿದರು. ಬೇಬಿ... ಮದರ್... ಹರ್ ಓನ್ ಐಸ್... "ಫ್ಯಾಸಿನೇಟೆಡ್ ಟು ಡೆತ್!" ಎಲ್ಲರೂ ನಕ್ಕರು. "ಅಯ್ಯೋ, ಪೂರ್ ಥಿಂಗ್" ಅಂದರು ಒಬ್ಬರು, ನಗುತ್ತಲೇ. ನನಗೆ ತಿಳಿಯುವುದಿಲ್ಲ ಅಂದುಕೊಂಡರೋ, ತಿಳಿದರೇನಂತೆ ಅಂದುಕೊಂಡರೋ... ಅವರೇ ಕಲಿಸಿದ್ದರಲ್ಲ, ಎಲ್ಲವೂ ತಿಳಿಯಿತು. ತಾಯಿ ನೋಡಿ ನೋಡಿಯೇ ಮಗು ಸತ್ತಿತು ಅನ್ನುವುದು ಅವರ ತಮಾಷೆ.

ಬಟ್ಟಲುಗಳನ್ನು ಎಲ್ಲರಿಗೂ ಕೊಟ್ಟು, ಕುಂಕುಮ ಇಟ್ಟುಕೊಂಡು ಮನೆಗೆ ಬಂದೆ. ಮಾರನೆ ದಿನ ಮೇಡಮ್ ನಮ್ಮ ಬಾಗಿಲಿಗೆ ಬಂದು, "ಯಾಕೇ, ಪಾಠ ಬೇಡ್ವಾ?" ಅಂದರು.

"ಕೆಲ್ಸ ಇದೆ ಮೇಡಮ್."

ಮತ್ತೆ ಹೋಗಲಿಲ್ಲ.

ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು. ಸುದ್ದಿ ಕೇಳಿದಾಗ ಅಳು ಬರಲಿಲ್ಲ. ಆ ಮಧ್ಯಾಹ್ನಗಳು ನೆನಪಾದರೆ ಈಗಲೂ ಬರುತ್ತದೆ. ಅದು ಜ್ವರ, ನಿನ್ನ ಕಣ್ಣಲ್ಲ ಅಂದಿದ್ದರು. ಅವರು ನಕ್ಕ ಮೇಲೆ ಆ ಮಾತನ್ನೂ ನಂಬಲಾಗಲಿಲ್ಲ.

ಅಜ್ಜಿ ಯಾಕೆ ನಮ್ಮ ಮುಖ ನೋಡಿ ಮಾತಾಡಲ್ಲ ಅಂತ ಕೇಳುತ್ತೀರಲ್ಲ ಮಕ್ಕಳೇ, ಇದಕ್ಕೇ. ಮೊನ್ನೆಯೂ ಬಾಣಲೆಯ ಘಾಟು ಚೆನ್ನಾಗಿಯೇ ಬಂದಿತ್ತು. ಆದರೂ ಚಿಕ್ಕವನನ್ನು ನಿಮ್ಮ ಅಮ್ಮನ ಕೈಗೆ ಕೊಡುವಾಗ ನಾನು ಕಿಟಕಿಯ ಕಡೆ ನೋಡುತ್ತಿದ್ದೆ.