‘ಹಚ್ಚೀನಿ’ ಎಂಬ ಮಾತಿಗೆ ನಾನು ಹೇಳಿದ ಅರ್ಥ

1966ರಲ್ಲಿ ನಾನು ವಿಜಾಪುರದಲ್ಲಿ ವಿಮಾನ ನಿರ್ವಹಣಾ ಎಂಜಿನಿಯರ್ ಆಗಿದ್ದೆ. ಬಬಲೇಶ್ವರ ಭಾಗದ ಹತ್ತಿ ಹೊಲಗಳಿಗೆ ಔಷಧ ಸಿಂಪಡಿಸಲು ಒಂದು ಖಾಸಗಿ ಕಂಪನಿ ಎರಡು ಸಣ್ಣ ವಿಮಾನಗಳನ್ನು ತಂದು, ತಿಕೋಟಾ ರಸ್ತೆಯ ಪಕ್ಕದ ಬಯಲಲ್ಲಿ ತಾತ್ಕಾಲಿಕ ರನ್‌ವೇ ಮಾಡಿಕೊಂಡಿತ್ತು. ಘೋಣಸಗಿಯ ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಪಡೆದವನು ನಾನು. ಅಪ್ಪ ಕೂಲಿ ಮಾಡಿ ಓದಿಸಿದ್ದ. ಬಿ.ಎಸ್ಸಿ. ಮುಗಿಸಿ ಲೈಸೆನ್ಸ್ ಪರೀಕ್ಷೆಯನ್ನೂ ಪಾಸು ಮಾಡಿದ್ದೆ. ನನ್ನ ಸಹಿ ಇಲ್ಲದೆ ವಿಮಾನ ಮೇಲೇರುವಂತಿರಲಿಲ್ಲ. ಆ ಸಹಿಯ ಹೆಮ್ಮೆ ನನಗೆ ಬಹಳವಿತ್ತು.

ಮುಂಜಾನೆ ಪಾಳಿಯ ಮೆಕ್ಯಾನಿಕ್ ದಸ್ತಗೀರಸಾಬ್ ತಿಕೋಟಾದವರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಕೆಲಸ ಅರ್ಧಕ್ಕೆ ನಿಂತ ಜಾಗಕ್ಕೆ ಅವರು ಒಂದು ಕೆಂಪು ಚಿಂದಿ ಕಟ್ಟಿ ಹೋಗುತ್ತಿದ್ದರು. ಒಂದು ದಿನ ಎಲ್ಲರೆದುರು ಕೇಳಿದೆ:

“ದಸ್ತಗೀರಸಾಬ್ರ, ಇದೇನ್ ವಿಮಾನೋ, ಹರಕಿ ಕಟ್ಟೋ ಗಿಡಾನೋ? ರಜಿಸ್ಟರ್ ಐತಲ್ಲ.”

“ರಜಿಸ್ಟರ್ ಇಂಗ್ಲಿಷಿನ್ಯಾಗ ಐತ್ರಿ ಸಾಹೇಬ್ರ. ಚಿಂದಿ ಎಲ್ಲಾರಿಗೂ ಓದಾಕ ಬರ್ತೈತಿ.”

ಕೆಲಸಗಾರರು ನಕ್ಕರು. ನಕ್ಕಿದ್ದು ನನ್ನನ್ನು ಕಂಡೇ ಎಂದು ತಿಳಿದು, ಚಿಂದಿ ಕಟ್ಟುವ ರೂಢಿಯನ್ನೇ ನಿಲ್ಲಿಸಿದೆ.

ಎರಡು ವಾರ ಕಳೆದಿರಬಹುದು. ವಿಮಾನದ ಬಾಲದಲ್ಲಿ ಎಲಿವೇಟರ್ ಎಂಬ ಹಲಗೆ ಇರುತ್ತದೆ. ಮೂತಿ ಮೇಲೇಳುವುದು, ಕೆಳಗಿಳಿಯುವುದು ಅದರಿಂದಲೇ. ಅದನ್ನು ಆಡಿಸುವ ಸರಳಿನ ಬೋಲ್ಟ್ ಸವೆದಿತ್ತು. ಹೊಸದನ್ನು ಕೂರಿಸಿ, ನಟ್ ಅನ್ನು ಪಾನಾದಿಂದ, ಎಂದರೆ ಸ್ಪ್ಯಾನರಿನಿಂದ, ಬಿಗಿದು, ಅದು ಕಳಚದಂತೆ ಸ್ಪ್ಲಿಟ್ ಪಿನ್ ಹಾಕಬೇಕು. ಮಧ್ಯಾಹ್ನ ಒಂದಕ್ಕೆ ಪಾಳಿ ಬದಲಾಯಿತು. ದಸ್ತಗೀರಸಾಬ್ ತಿಕೋಟಾ ಬಸ್ಸಿಗೆ ಹೊರಟವರು, ಅಂಗಿ ತೊಡುತ್ತಲೇ ಹೇಳಿದರು: “ಬೋಲ್ಟಿಗಿ ನಟ್ ಹಚ್ಚೀನ್ರಿ ಸಾಹೇಬ್ರ. ನೀವ ಒಂದೀಟು ನೋಡ್ರಿ.”

ನಮ್ಮ ಕಡೆ ‘ಹಚ್ಚು’ ಎಂಬ ಮಾತಿಗೆ ಕೆಲಸ ಬಹಳ. ದೀಪ ಹಚ್ಚುತ್ತೇವೆ, ಎಣ್ಣೆ ಹಚ್ಚುತ್ತೇವೆ, ಕೆಲಸಕ್ಕೆ ಆಳು ಹಚ್ಚುತ್ತೇವೆ. ನಟ್ ಅನ್ನು ಬಿಗಿದು ಮುಗಿಸಿದರೂ ಹಚ್ಚೀನಿ, ಬೆರಳಿನಿಂದ ಎರಡು ಸುತ್ತು ತಿರುವಿ ಬಿಟ್ಟರೂ ಹಚ್ಚೀನಿ. ಅವರು ಹೇಳಿದ್ದು ಎರಡನೆಯದನ್ನು. ನಾನು ಮೊದಲನೆಯದೆಂದು ತಿಳಿದೆ. ಬಾಲದ ತನಕ ನಡೆದು ಕೈಯಿಟ್ಟು ನೋಡಲು ಎರಡು ನಿಮಿಷ ಸಾಕಿತ್ತು. ಸಿಂಪಡಿಸಲು ಬೇಕಾದಂತೆ ಗಾಳಿ ತಗ್ಗಿತ್ತು, ಪೈಲಟ್ ಕಾಯುತ್ತಿದ್ದರು. ಸಹಿ ಹಾಕಿದೆ.

ಹಾರುವಾಗಿನ ನಡುಕಕ್ಕೆ ನಟ್ ಕಳಚಿ, ಬೋಲ್ಟ್ ಅರ್ಧ ಹೊರಬಂದು ಎಲಿವೇಟರ್ ಸಿಕ್ಕಿಕೊಂಡಿತು. ಪೈಲಟ್ ಎಂಜಿನ್ನಿನ ವೇಗವೊಂದನ್ನೇ ನಂಬಿ, ಇಟ್ಟಂಗಿಹಾಳದ ಹತ್ತಿರ ಬಿತ್ತದೆ ಬಿಟ್ಟ ಹೊಲದಲ್ಲಿ ವಿಮಾನ ಇಳಿಸಿದರು. ಜೀವ ಉಳಿಯಿತು. ಅವರ ಎಡಗಾಲು ಮತ್ತೆ ಪೂರ್ತಿ ಮಡಚಲು ಬರಲಿಲ್ಲ.

ವಿಚಾರಣೆಗೆ ಬೆಂಗಳೂರಿನಿಂದ ಒಬ್ಬ ಅಧಿಕಾರಿ ಬಂದು, ರನ್‌ವೇ ಪಕ್ಕದ ಡೇರೆಯಲ್ಲಿ ನಮ್ಮಿಬ್ಬರನ್ನು ಕೂರಿಸಿಕೊಂಡರು. ದಸ್ತಗೀರಸಾಬ್ ಇದ್ದದ್ದನ್ನೇ ಹೇಳಿದರು: “ನಟ್ ಹಚ್ಚೀನಿ, ನೋಡ್ರಿ ಅಂದಿದ್ದೆರಿ.”

ಅಧಿಕಾರಿ ನನ್ನತ್ತ ತಿರುಗಿದರು. “ಹಚ್ಚೀನಿ ಅಂದರೆ ಏನ್ರೀ? ನೀವು ಇದೇ ಕಡೆಯವರಲ್ಲವೇ?”

ಆ ಮಾತಿನ ಎರಡೂ ಅರ್ಥ ಬಲ್ಲವರು ಆ ಡೇರೆಯಲ್ಲಿ ನಾವಿಬ್ಬರೇ. ಅಪ್ಪನ ಕೂಲಿ, ನನ್ನ ಲೈಸೆನ್ಸ್ ಕಣ್ಣ ಮುಂದೆ ಬಂದವು. “ಫಿಟ್ ಮಾಡಿ ಮುಗಿಸಿದ್ದೇನೆ ಅಂತ, ಸಾರ್,” ಎಂದೆ. ಚಿಂದಿಯ ವಿಷಯ ನಾನು ಎತ್ತಲಿಲ್ಲ. ದಸ್ತಗೀರಸಾಬರೂ ಎತ್ತಲಿಲ್ಲ.

ಪರಿಶೀಲಿಸದೆ ಸಹಿ ಹಾಕಿದ್ದಕ್ಕೆ ನನಗೆ ಬರಹದ ಎಚ್ಚರಿಕೆ ಬಂತು. ಅವರ ಕೆಲಸ ಹೋಯಿತು. ಸಾಮಾನು ಕಟ್ಟಿಕೊಂಡು ಹೋಗುವಾಗ ನನ್ನ ಮೇಜಿನ ಬಳಿ ನಿಂತರು.

“ಅರ್ಥಾ ಛಲೋ ಹೇಳಿದ್ರಿ ಸಾಹೇಬ್ರ. ಡಿಗ್ರಿ ಸುಮ್ನ ಅಲ್ಲ ಬಿಡ್ರಿ.”

ಆಮೇಲೆ ಕೆಲಸ ಮಾಡಿದ ಕಡೆಯಲ್ಲೆಲ್ಲ, ಪಾಳಿ ಬದಲಾಗುವಾಗ ಬಾಯಿಮಾತು ಸಾಲದು, ಕೈಯಿಟ್ಟು ತೋರಿಸಬೇಕು, ಮುಗಿಯದ ಜಾಗಕ್ಕೆ ಕೆಂಪು ಚಿಂದಿ ಕಟ್ಟಬೇಕು ಎಂದು ಹಟ ಹಿಡಿದೆ. ಜೊತೆಯವರು ಅದಕ್ಕೆ ‘ಸಾಹೇಬರ ಚಿಂದಿ’ ಎಂದು ಹೆಸರಿಟ್ಟರು. ನಿವೃತ್ತಿಯ ದಿನ ಒಬ್ಬ ಎಂಜಿನಿಯರ್ ಅದನ್ನೇ ಹೇಳಿ ಹೊಗಳಿದ. ಅದು ತಿಕೋಟಾದ ದಸ್ತಗೀರಸಾಬರದು ಎಂದು ಹೇಳಲು ಎದ್ದು ನಿಂತೆ. ಎಲ್ಲರಿಗೂ ವಂದನೆ ಹೇಳಿ ಕುಳಿತುಕೊಂಡೆ.